ಓಪನ್ ಸೋರ್ಸ್ ಬಳಗ ಎಲ್ಲಿ ಮಾತಾಡುತ್ತದೆ?

ಇಳಕಲ್ಲಿನ ಒಂದು ಡಿಟಿಪಿ ಅಂಗಡಿಯಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶದ ಫ್ಲೆಕ್ಸ್ ತಯಾರಾಗುತ್ತಿದೆ ಎಂದಿಟ್ಟುಕೊಳ್ಳಿ. ‘ರ‍್ಯಾಂಕ್’ ಎಂದು ಕೂರಬೇಕಾದ ಅಕ್ಷರ ಪರದೆಯ ಮೇಲೆ ‘ರ್ಯಾಂಕ್’ ಎಂದು, ಅಂದರೆ ಯಕಾರದ ಮುಂದೆ ಅರ್ಕಾವತ್ತು ಹೊತ್ತು ಮೂಡುತ್ತದೆ. ಬಳಸುತ್ತಿರುವುದು ಲಿಬ್ರೆಆಫೀಸ್. ಅದನ್ನು ದುಡ್ಡು ಕೊಟ್ಟು ತಂದಿಲ್ಲ. ಮಾರಿದವರು ಯಾರೂ ಇಲ್ಲ, ದೂರು ಕೊಡಲು ಫೋನ್ ಸಂಖ್ಯೆಯೂ ಇಲ್ಲ. ಹಾಗಾದರೆ ಯಾರಿಗೆ ಹೇಳಬೇಕು, ಎಲ್ಲಿ ಹೇಳಬೇಕು?

ಬಹುತೇಕ ಓಪನ್ ಸೋರ್ಸ್ ಯೋಜನೆಗಳಿಗೆ ಕಚೇರಿ ಎಂಬುದಿರುವುದಿಲ್ಲ. ಕೆಲಸ ಮಾಡುವವರು ಬೇರೆ ಬೇರೆ ದೇಶಗಳಲ್ಲಿರುತ್ತಾರೆ, ಒಬ್ಬರ ಮುಖ ಒಬ್ಬರು ನೋಡಿರುವುದೇ ಅಪರೂಪ. ಅವರೆಲ್ಲ ಸೇರಿ ಮಾತಾಡುವ ಜಾಗ ಯಾವುದೋ, ಯೋಜನೆ ಇರುವುದು ಅಲ್ಲಿಯೇ. ಯಾವ ದೋಷ ಮೊದಲು ಸರಿಪಡಿಸಬೇಕು, ಯಾರ ತಿದ್ದುಪಡಿ ಒಪ್ಪಬೇಕು, ಕನ್ನಡದಂಥ ಭಾಷೆಗೆ ಎಷ್ಟು ಸಮಯ ಕೊಡಬೇಕು ಎಂಬ ತೀರ್ಮಾನಗಳೆಲ್ಲ ಆಗುವುದು ಅಲ್ಲಿ. ಕೋಡನ್ನು ನೋಡುವ, ಬದಲಿಸುವ, ಹಂಚುವ ಹಕ್ಕನ್ನು ಲೈಸೆನ್ಸ್ ಕೊಡುತ್ತದೆ. ಆ ಮಾತುಕತೆಯಲ್ಲಿ ಕೂರುವ ಹಕ್ಕಿನ ಬಗ್ಗೆ ಯಾವ ಹೆಸರಾಂತ ಲೈಸೆನ್ಸಿನಲ್ಲೂ ಒಂದು ಸಾಲಿಲ್ಲ. ಹಾಗಾಗಿ ಮಾತಿನ ಜಾಗ ಎಲ್ಲಿದೆ, ಅದರ ಬಾಗಿಲು ಯಾರಿಗೆ ತೆರೆದಿದೆ, ಆಡಿದ ಮಾತು ಎಷ್ಟು ಕಾಲ ಉಳಿಯುತ್ತದೆ ಎಂಬ ಪ್ರಶ್ನೆಗಳು ಬರೀ ತಾಂತ್ರಿಕ ಅನುಕೂಲದ ವಿಷಯವಾಗಿ ನನಗೆ ಕಾಣುವುದಿಲ್ಲ. ಬೆಂಗಳೂರಿನಿಂದ ಸುಮಾರು 450 ಕಿಲೋಮೀಟರ್ ದೂರದ ಬಾದಾಮಿ, ಹುನಗುಂದ, ಇಳಕಲ್ಲಿನ ಮಂದಿಗೆ ಇದು ತಾವು ಒಳಗೋ ಹೊರಗೋ ಎಂಬ ಪ್ರಶ್ನೆ.

ಹಳೆಯ ಕ್ರಮದಿಂದ ಶುರು ಮಾಡೋಣ. 1991ರ ಆಗಸ್ಟ್ 25ರಂದು ಹೆಲ್ಸಿಂಕಿಯ 21 ವರ್ಷದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ತಾನೊಂದು ಆಪರೇಟಿಂಗ್ ಸಿಸ್ಟಂ ಬರೆಯುತ್ತಿದ್ದೇನೆಂದು ತಿಳಿಸಿದ್ದು ಯೂಸ್‌ನೆಟ್‌ನ ಮಿನಿಕ್ಸ್ ಚರ್ಚಾಗುಂಪಿನಲ್ಲಿ. ಆ ಬರಹವನ್ನು ಇವತ್ತೂ ಯಾರು ಬೇಕಾದರೂ ಓದಬಹುದು. ಅಲ್ಲಿಂದ ಬೆಳೆದ ಲಿನಕ್ಸ್ ಕರ್ನೆಲ್‌ನ ಕೆಲಸ ಈಗಲೂ ನಡೆಯುವುದು ಮುಖ್ಯವಾಗಿ ಈಮೇಲ್‌ನಲ್ಲೇ, ಮೇಲಿಂಗ್ ಲಿಸ್ಟ್‌ಗಳ ಮೂಲಕ. ತಿದ್ದುಪಡಿಯನ್ನು ಪತ್ರದೊಳಗೇ ಬರೆದು ಕಳಿಸುತ್ತಾರೆ, ಉಳಿದವರು ಸಾಲು ಸಾಲಿಗೂ ಉತ್ತರ ಬರೆಯುತ್ತಾರೆ. ಹೊಸಬರಿಗೆ ಇದು ಹಳೆಯ ಕಾಲದ ಪದ್ಧತಿ ಎನಿಸಬಹುದು. ಆದರೆ ನಿಧಾನ ಇಂಟರ್ನೆಟ್ ಇರುವ ಊರಿನಲ್ಲೂ ಈಮೇಲ್ ಬರುತ್ತದೆ. ಚಂದಾದಾರರಾದ ಪ್ರತಿಯೊಬ್ಬರ ಬಳಿಯೂ ಒಂದು ಪ್ರತಿ ಉಳಿಯುವುದರಿಂದ ಒಂದು ಕಂಪನಿ ಮುಚ್ಚಿದರೂ ಇತಿಹಾಸ ಅಳಿಯುವುದಿಲ್ಲ. ಹಗಲು ಬೇರೆ ಕೆಲಸ ಮಾಡುವವರು ರಾತ್ರಿ ಹನ್ನೊಂದಕ್ಕೆ ಕೂತು ಉತ್ತರ ಬರೆದರೆ ಆ ಉತ್ತರದ ತೂಕ ಕಡಿಮೆಯಾಗುವುದಿಲ್ಲ.

ಅಪಾಚೆ ಎಂಬ ಓಪನ್ ಸೋರ್ಸ್ ಬಳಗದಲ್ಲಿ ಒಂದು ಮಾತು ಚಾಲ್ತಿಯಲ್ಲಿದೆ: ಮೇಲಿಂಗ್ ಲಿಸ್ಟ್‌ನಲ್ಲಿ ಆಗದ್ದು ಆಗೇ ಇಲ್ಲ. ಇಬ್ಬರು ಕಾಫಿ ಕುಡಿಯುತ್ತಾ ಒಂದು ತೀರ್ಮಾನಕ್ಕೆ ಬಂದಿದ್ದರೂ ಅದನ್ನು ಲಿಸ್ಟ್‌ಗೆ ಬರೆದು ಎಲ್ಲರ ಮುಂದಿಡುವ ತನಕ ಅದು ತೀರ್ಮಾನವಲ್ಲ. ಮತ ಹಾಕುವ ಸಂದರ್ಭ ಬಂದರೆ ಕನಿಷ್ಠ 72 ಗಂಟೆ ಬಾಗಿಲು ತೆರೆದಿರುತ್ತದೆ. ಜಗತ್ತಿನ ಯಾವ ಮೂಲೆಯಲ್ಲಿದ್ದರೂ, ವಾರದ ರಜೆ ಯಾವತ್ತಿದ್ದರೂ, ಓದಿ ಉತ್ತರಿಸಲು ಸಮಯ ಸಿಗಲಿ ಎಂಬುದು ಅದರ ಉದ್ದೇಶ. ನಾನು ಕಂಡ ನಿಯಮಗಳಲ್ಲಿ ಇಷ್ಟು ಮರ್ಯಾದೆಯ ನಿಯಮ ಇನ್ನೊಂದಿಲ್ಲ.

ಕನ್ನಡದ ಬಳಗಗಳು ಇದೇ ಹಾದಿಯಲ್ಲಿ ಬಂದವು. 2001ರಲ್ಲಿ ಲಿನಕ್ಸ್ ಬೆಂಗಳೂರು ಎಂಬ ಸಮಾವೇಶ ಶುರುವಾಗಿ ಮುಂದೆ ಫಾಸ್ ಡಾಟ್ ಇನ್ ಎಂಬ ಹೆಸರಿನಲ್ಲಿ 2012ರ ತನಕ ನಡೆಯಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಹುಟ್ಟಿತು. 2005ರಲ್ಲಿ ಹರಿಪ್ರಸಾದ್ ನಾಡಿಗ್ ‘ಸಂಪದ’ವನ್ನು ಆರಂಭಿಸಿದರು, ಸಾಹಿತ್ಯದ ಜೊತೆಗೆ ಲಿನಕ್ಸ್, ಯೂನಿಕೋಡ್, ಅನುವಾದದ ಮಾತುಗಳೂ ಕನ್ನಡದಲ್ಲೇ ನಡೆದ ಮೊದಲ ಜಾಗಗಳಲ್ಲಿ ಅದೂ ಒಂದು. ಆ ದಿನಗಳಲ್ಲಿ ಕನ್ನಡಿಗರು ಗುಂಪು ಕಟ್ಟಲು ಹೆಚ್ಚಾಗಿ ನೆಚ್ಚಿದ್ದು ಯಾಹೂ ಗ್ರೂಪ್ಸ್ ಅನ್ನು. ಪುಕ್ಕಟೆಯಾಗಿತ್ತು, ನಡೆಸುವುದು ಸುಲಭವಾಗಿತ್ತು. 2019ರ ಕೊನೆಗೆ ಯಾಹೂ ಹಳೆಯ ಪತ್ರಗಳನ್ನು ತೆಗೆದುಹಾಕಲು ತೊಡಗಿತು, 2020ರ ಡಿಸೆಂಬರ್ 15ಕ್ಕೆ ಸೇವೆಯನ್ನೇ ನಿಲ್ಲಿಸಿತು. ಕನ್ನಡ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಕೂರಿಸಲು ಒದ್ದಾಡಿದ ಒಂದು ತಲೆಮಾರಿನ ಎಷ್ಟೋ ಪ್ರಶ್ನೋತ್ತರಗಳು ಇಂಥ ಬಾಡಿಗೆ ಜಾಗಗಳಲ್ಲಿದ್ದವು. ಯಾರಾದರೂ ತಮ್ಮ ಪೆಟ್ಟಿಗೆಯಲ್ಲಿ ಇಳಿಸಿಟ್ಟುಕೊಂಡಿದ್ದರೆ ಉಳಿದಿವೆ, ಇಲ್ಲದಿದ್ದರೆ ಹೋದವು. ಕನ್ನಡ ಗಣಕೀಕರಣದ ಚರಿತ್ರೆ ಬರೆಯಹೊರಡುವವರು ಈ ನಷ್ಟವನ್ನು ಬಹಳ ದಿನ ಅನುಭವಿಸಬೇಕಾಗುತ್ತದೆ.

ಮನೆ ಬದಲಿಸುವ ಕಷ್ಟ ದೊಡ್ಡವರನ್ನೂ ಬಿಟ್ಟಿಲ್ಲ. ಯೋಜನೆಗಳು ಕೋಡ್ ಇಡುತ್ತಿದ್ದ ಗೂಗಲ್ ಕೋಡ್ ಎಂಬ ತಾಣ 2016ರಲ್ಲಿ ಬಾಗಿಲು ಹಾಕಿತು. ಕನ್ನಡವೂ ಸೇರಿ ಭಾರತೀಯ ಭಾಷೆಗಳ ಲೋಹಿತ್ ಫಾಂಟ್‌ಗಳ ಕೆಲಸ ನಡೆಯುತ್ತಿದ್ದ ಫೆಡೋರಾ ಹೋಸ್ಟೆಡ್ ಎಂಬ ತಾಣ 2017ರ ಮಾರ್ಚ್‌ನಲ್ಲಿ ನಿಂತು, ಯೋಜನೆ ಪಗೂರ್ ಎಂಬಲ್ಲಿಗೆ ಗಂಟುಮೂಟೆ ಕಟ್ಟಿತು. ಗ್ನೋಮ್ ಬಳಗ 2022ರಲ್ಲಿ ತನ್ನ ಮೇಲಿಂಗ್ ಲಿಸ್ಟ್‌ಗಳನ್ನು ನಿಲ್ಲಿಸಿ ಡಿಸ್ಕೋರ್ಸ್ ಎಂಬ ತಂತ್ರಾಂಶದ ಮೇಲೆ ಕಟ್ಟಿದ ಚರ್ಚಾತಾಣಕ್ಕೆ ಹೋಯಿತು. ಹೋಗುವ ಮೊದಲು ಹಳೆಯ ಪತ್ರಗಳನ್ನು ಓದಲು ಸಿಗುವಂತೆ ಉಳಿಸಿತು. ಜಾಗ ಬಿಡುವುದು ತಪ್ಪಲ್ಲ, ಹಳೆಯ ಮನೆಯ ಕಾಗದಪತ್ರಗಳನ್ನು ಅಲ್ಲೇ ಬಿಟ್ಟು ಹೋಗುವುದು ತಪ್ಪು.

ಈಗ ಹೆಚ್ಚಿನ ಕೆಲಸ ನಡೆಯುವುದು ಇಶ್ಯೂ ಟ್ರ್ಯಾಕರ್‌ಗಳಲ್ಲಿ. ಒಂದು ದೋಷ ಅಥವಾ ಒಂದು ಬೇಡಿಕೆಗೆ ಒಂದು ಸಂಖ್ಯೆ, ಆ ಸಂಖ್ಯೆಯಡಿ ಅದರದೇ ಮಾತು. ಡೆಬಿಯನ್ ಇದನ್ನು ಈಮೇಲ್ ಮೂಲಕವೇ ನಡೆಸಿಕೊಂಡು ಬಂದಿದೆ; ಕನ್ನಡದ ಗುಬ್ಬಿ, ನವಿಲು ಫಾಂಟ್‌ಗಳೂ ಅಲ್ಲಿನ ಪೊಟ್ಟಣಗಳಾಗಿರುವುದರಿಂದ ಅವುಗಳ ದೂರುಗಳಿಗೂ ಅಲ್ಲಿ ಜಾಗವಿದೆ. 2008ರಲ್ಲಿ ಬಂದ ಗಿಟ್‌ಹಬ್ ಕೋಡ್, ದೂರು, ತಿದ್ದುಪಡಿ ಮೂರನ್ನೂ ಒಂದೇ ಸೂರಿನಡಿ ತಂದಿತು. 2018ರಲ್ಲಿ ಮೈಕ್ರೋಸಾಫ್ಟ್ 750 ಕೋಟಿ ಡಾಲರ್‌ಗೆ ಅದನ್ನು ಕೊಂಡಿತು. ಪೈಥಾನ್ ಬಳಗ ಕೂಡ 2022ರಲ್ಲಿ ತನ್ನ ಸ್ವಂತ ಟ್ರ್ಯಾಕರ್ ಬಿಟ್ಟು ಅಲ್ಲಿಗೆ ಹೋಯಿತು.

ಇಂಥ ಟ್ರ್ಯಾಕರ್‌ನಿಂದ ಕನ್ನಡಕ್ಕೆ ಆದ ಉಪಕಾರಕ್ಕೆ ಇಳಕಲ್ಲಿನ ಆ ಫ್ಲೆಕ್ಸ್‌ನ ಅಕ್ಷರವೇ ಸಾಕ್ಷಿ. ಅದರ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಕನ್ನಡ ಅಕ್ಷರಗಳನ್ನು ಜೋಡಿಸಿ ಒತ್ತು, ಗುಣಿತ ಕೂರಿಸುವ ಕೆಲಸವನ್ನು ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಎಲ್ಲದರಲ್ಲೂ ಮಾಡುವುದು ಹಾರ್ಫ್‌ಬಜ್ ಎಂಬ ಓಪನ್ ಸೋರ್ಸ್ ತಂತ್ರಾಂಶ. ರಕಾರ, ಹಲಂತ, ಯಕಾರ ಸಾಲಾಗಿ ಬಂದರೆ ಅದು ಸಹಜವಾಗಿ ಯಕಾರಕ್ಕೆ ಅರ್ಕಾವತ್ತು ಹಾಕುತ್ತದೆ. ‘ಸೂರ್ಯ’, ‘ಕಾರ್ಯ’ ಹಾಗೆಯೇ ಇರಬೇಕು. ಆದರೆ ‘ರ‍್ಯಾಂಕ್’, ‘ರ‍್ಯಾಲಿ’ಗಳಲ್ಲಿ ರಕಾರ ಪೂರ್ತಿ ನಿಂತು ಯಕಾರ ಒತ್ತಾಗಬೇಕು. ಅದಕ್ಕಾಗಿ ಕಣ್ಣಿಗೆ ಕಾಣದ ಒಂದು ಸಂಕೇತವನ್ನು, ಜೋಡಕವನ್ನು, ನಡುವೆ ಸೇರಿಸುತ್ತಾರೆ. ಯೂನಿಕೋಡ್ ಪ್ರಕಾರ ಜೋಡಕ ರಕಾರದ ಬೆನ್ನಿಗೆ, ಹಲಂತಕ್ಕಿಂತ ಮೊದಲು ಬರಬೇಕು. ಹಲಂತದ ಆಮೇಲೆ ಜೋಡಕ ಇಡುವ ರೂಢಿಯೂ ಮೊದಲಿನಿಂದ ಇತ್ತು, ಹಾಗೆ ಟೈಪ್ ಮಾಡಿದ ಕನ್ನಡ ಪಠ್ಯ ಈಗಾಗಲೇ ಹರಡಿಕೊಂಡಿತ್ತು. ನಿಯಮವೊಂದನ್ನೇ ಹಿಡಿದರೆ ಆ ಹಳೆಯ ಪಠ್ಯವೆಲ್ಲ ಓರೆಯಾಗಿ ಕಾಣುತ್ತದೆ.

ಈ ಪ್ರಶ್ನೆ ಹಾರ್ಫ್‌ಬಜ್‌ನ ಟ್ರ್ಯಾಕರ್‌ನಲ್ಲಿ 435ನೆಯ ಇಶ್ಯೂ ಆಗಿ ದಾಖಲಾಗಿದೆ. ಕೊನೆಗೆ ಕನ್ನಡಕ್ಕಷ್ಟೇ ಅನ್ವಯಿಸುವ ವಿಶೇಷ ಏರ್ಪಾಡೊಂದು ಕೋಡಿಗೆ ಸೇರಿತು: ಹಳೆಯ ಕ್ರಮದಲ್ಲಿ ಟೈಪಾದದ್ದನ್ನೂ ಹೊಸ ಕ್ರಮದಂತೆಯೇ ತೋರಿಸು ಎಂದು. ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಆ ಸಾಲುಗಳ ಮೇಲೆ ಬರೆದಿಟ್ಟ ಟಿಪ್ಪಣಿ. ಹೀಗೇಕೆ ಮಾಡಿದೆವು ಎಂದು ಹೇಳಿ, 435ನೆಯ ಇಶ್ಯೂವಿನ ಕೊಂಡಿಯನ್ನು ಅಲ್ಲೇ ಕೊಟ್ಟಿದ್ದಾರೆ. ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ನಾಳೆ ಆ ಕೋಡ್ ತೆರೆದು ‘ಕನ್ನಡಕ್ಕೆ ಮಾತ್ರ ಇದೇನಿದು?’ ಎಂದು ಬೆರಗಾದರೆ, ಒಂದು ಕ್ಲಿಕ್ಕಿಗೆ ಕಾರಣದ ಮೂಲಕ್ಕೇ ಹೋಗಬಹುದು. ಯಾರ ಪರಿಚಯವೂ ಬೇಕಿಲ್ಲ, ಯಾರ ಅನುಮತಿಯೂ ಬೇಕಿಲ್ಲ. ಆ ಟಿಪ್ಪಣಿ ಇರದಿದ್ದರೆ ಮುಂದೊಂದು ದಿನ ಕನ್ನಡ ಬಾರದ ಯಾರೋ ಅದನ್ನು ಬೇಡದ ಕಸವೆಂದು ತೆಗೆದುಹಾಕಬಹುದಿತ್ತು.

ಮಾತು ಉಳಿಯದಿದ್ದರೆ, ಅಥವಾ ಮಾತಿನ ಜಾಗದಲ್ಲಿ ಕನ್ನಡ ಬಲ್ಲವರು ಇರದಿದ್ದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ದೂರವಿಲ್ಲ. ಹಳಗನ್ನಡ ಶಾಸನಗಳಲ್ಲಿ ಬರುವ ೞ ಅಕ್ಷರಕ್ಕೆ ಯೂನಿಕೋಡ್ ಪಟ್ಟಿಯಲ್ಲಿರುವ ಅಧಿಕೃತ ಹೆಸರು ‘ಕನ್ನಡ ಲೆಟರ್ ಫ’. ಅದು ಶುದ್ಧ ತಪ್ಪು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವಂತಿಲ್ಲ ಎಂಬುದು ಯೂನಿಕೋಡ್‌ನ ಕಟ್ಟುನಿಟ್ಟು. ಹಾಗಾಗಿ ಹೆಸರು ತಪ್ಪೆಂಬ ಟಿಪ್ಪಣಿಯನ್ನೂ ಸರಿಯಾದ ಪರ್ಯಾಯ ಹೆಸರನ್ನೂ ಪಕ್ಕದಲ್ಲಿ ಬರೆದು ಮೂಲವನ್ನು ಹಾಗೆಯೇ ಬಿಟ್ಟಿದ್ದಾರೆ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನವನ್ನು ಪಾಠ ಹೇಳುವ ಯಾವ ಮೇಷ್ಟ್ರ ಕಣ್ಣಿಗೆ ಆ ಕರಡು ಬಿದ್ದಿದ್ದರೂ ಕ್ಷಣದಲ್ಲಿ ಸರಿಹೋಗಬಹುದಾಗಿದ್ದ ತಪ್ಪು ಅದು. ಇವತ್ತಿನ ಸ್ಥಿತಿ ಬಹಳ ವಾಸಿ. ಹೊಸ ಅಕ್ಷರ ಬೇಕೆನ್ನುವವರು ಸಾಕ್ಷ್ಯದೊಂದಿಗೆ ಪ್ರಸ್ತಾವ ಬರೆಯುತ್ತಾರೆ, ಅದಕ್ಕೊಂದು ಸಂಖ್ಯೆ ಬಿದ್ದು ಎಲ್ಲರೂ ಓದುವಂತೆ ಪ್ರಕಟವಾಗುತ್ತದೆ. ಹಳಗನ್ನಡದ ನಕಾರ ಪೊಲ್ಲು 2021ರ 14ನೆಯ ಆವೃತ್ತಿಗೆ ಸೇರಿದ್ದು ಇಂಥ ಬಹಿರಂಗ ದಾರಿಯಿಂದ.

ಮಹಾಕೂಟದ ಸ್ತಂಭಶಾಸನ ಇಲ್ಲಿ ನೆನಪಾಗುತ್ತದೆ. ಚಾಲುಕ್ಯ ಮಂಗಳೇಶ ಕ್ರಿ.ಶ. 602ರ ಸುಮಾರಿಗೆ ಮಕುಟೇಶ್ವರನಾಥನಿಗೆ ಹತ್ತು ಹಳ್ಳಿಗಳ ದತ್ತಿಯನ್ನು ಖಾತ್ರಿಪಡಿಸಿ ನಿಲ್ಲಿಸಿದ ಕಂಬ ಅದು. ಈಗ ವಿಜಯಪುರದ ಗೋಲಗುಂಬಜ್ ವಸ್ತುಸಂಗ್ರಹಾಲಯದಲ್ಲಿದೆ. ಯಾರು ಕೊಟ್ಟರು, ಯಾವಾಗ ಕೊಟ್ಟರು, ಏನು ಕೊಟ್ಟರು ಎಲ್ಲವೂ ಕಲ್ಲಿನ ಮೇಲಿದೆ. ಆ ಹತ್ತೇ ಹಳ್ಳಿಗಳು ಏಕೆ, ಬೇಡವೆಂದವರು ಇದ್ದರೇ, ಆ ಹಳ್ಳಿಗಳ ಒಕ್ಕಲು ಏನೆಂದರು ಎಂಬುದು ಕಲ್ಲಿನಲ್ಲಿಲ್ಲ. ಪ್ರಕಟವಾದ ಕೋಡ್ ಕೂಡ ಇಂಥದೇ ದಾಖಲೆ. ತೀರ್ಮಾನ ಅದರಲ್ಲಿ ಇರುತ್ತದೆ, ತೀರ್ಮಾನಕ್ಕೆ ಬಂದ ಮಾತು ಇರುವುದಿಲ್ಲ. ಮಂಗಳೇಶನ ಕಾಲದವರಿಗೆ ಮಾತನ್ನು ಉಳಿಸುವ ಉಪಾಯ ಇರಲಿಲ್ಲ, ನಮಗಿದೆ.

ಉಪಾಯವಿದ್ದೂ ಬಳಸದಿರುವುದು ಚಾಟ್‌ಗಳಲ್ಲಿ. ಮೊದಲು ಐಆರ್‌ಸಿ ಇತ್ತು. ಯೋಜನೆಗೊಂದು ಕೋಣೆ, ಬಂದವರೆಲ್ಲ ಅಲ್ಲಿ ಹರಟುತ್ತಾ ಕೆಲಸ ಮಾಡುತ್ತಿದ್ದರು. ಮೊಜಿಲ್ಲ 2020ರಲ್ಲಿ ತನ್ನ ಐಆರ್‌ಸಿ ಮುಚ್ಚಿ ಮ್ಯಾಟ್ರಿಕ್ಸ್ ಎಂಬ ಹೊಸ ಚಾಟ್ ವ್ಯವಸ್ಥೆಗೆ ಹೋಯಿತು. 2021ರ ಮೇ ತಿಂಗಳಲ್ಲಿ ಫ್ರೀನೋಡ್ ಎಂಬ ಐಆರ್‌ಸಿ ಜಾಲದ ಒಡೆತನದ ಜಗಳದಿಂದ ನಡೆಸುತ್ತಿದ್ದ ಸ್ವಯಂಸೇವಕರೇ ಹೊರಬಂದು ಲಿಬೆರಾ ಚಾಟ್ ಕಟ್ಟಿದರು; ವಿಕಿಮೀಡಿಯ, ಉಬುಂಟು, ಫೆಡೋರಾ ಎಲ್ಲ ಕೆಲವೇ ದಿನಗಳಲ್ಲಿ ಹಿಂದೆಯೇ ಹೋದವು. ಸ್ಲ್ಯಾಕ್ ಎಂಬ ಚಾಟ್ ಸೇವೆಯ ಪುಕ್ಕಟೆ ಬಳಕೆದಾರರಿಗೆ 2022ರಿಂದ 90 ದಿನಕ್ಕಿಂತ ಹಳೆಯ ಮಾತು ಕಾಣುವುದಿಲ್ಲ.

ಕನ್ನಡದ ತಾಂತ್ರಿಕ ಬಳಗಗಳ ಬಹುಪಾಲು ಮಾತು ಈಗ ವಾಟ್ಸ್‌ಆ್ಯಪ್, ಟೆಲಿಗ್ರಾಂ ಗುಂಪುಗಳಿಗೆ ಇಳಿದಿದೆ. ಏಕೆಂದು ನನಗೆ ಅರ್ಥವಾಗುತ್ತದೆ. ಫೋನ್ ಎಲ್ಲರ ಕೈಯಲ್ಲಿದೆ, ಕನ್ನಡದಲ್ಲೇ ಮಾತಾಡಬಹುದು, ಬರೆಯಲು ಬೇಸರವಾದರೆ ಧ್ವನಿ ಕಳಿಸಬಹುದು, ಕೇಳಿದ ಪ್ರಶ್ನೆಗೆ ಐದು ನಿಮಿಷದಲ್ಲಿ ಉತ್ತರ ಬರುತ್ತದೆ. ಇಂಗ್ಲಿಷಿನ ಅಳುಕು ಇರುವವರಿಗೆ ಇದು ನಿಜವಾದ ನೆರವು. ಆದರೂ ತೀರ್ಮಾನಗಳು ಅಲ್ಲಿ ಆಗಬಾರದು ಎಂಬುದು ನನ್ನ ಗಟ್ಟಿಯಾದ ನಿಲುವು. ವಾಟ್ಸ್‌ಆ್ಯಪ್ ಗುಂಪಿಗೆ ಸೇರಲು ಸಾಮಾನ್ಯವಾಗಿ ಒಳಗಿನವರ ಗುರುತು ಬೇಕು. ಫೋನ್ ಸಂಖ್ಯೆ ಅಪರಿಚಿತರೆಲ್ಲರ ಕೈಗೆ ಹೋಗುವ ಕಾರಣಕ್ಕೆ ಎಷ್ಟೋ ಹೆಣ್ಣುಮಕ್ಕಳು ಹಿಂಜರಿಯುತ್ತಾರೆ, ಆ ಹಿಂಜರಿಕೆ ನ್ಯಾಯವೇ. ಅಲ್ಲಿ ಮೊನ್ನೆ ಸೇರಿದವರಿಗೆ ಹೋದ ವರ್ಷದ ವಾದ ಕಾಣುವುದಿಲ್ಲ, ಹುಡುಕುಯಂತ್ರಗಳಿಗೂ ಅದು ಸಿಗುವುದಿಲ್ಲ. ‘ಫೈಲ್’ ಎಂಬುದನ್ನು ಕಡತ ಎನ್ನೋಣವೇ ಫೈಲ್ ಎಂದೇ ಬಿಡೋಣವೇ ಎಂಬ ಪ್ರಶ್ನೆಯನ್ನು ಅದೇ ಜನ ಮತ್ತೆ ಮತ್ತೆ ಮೊದಲಿನಿಂದ ಚರ್ಚಿಸುವುದಕ್ಕೆ ಇದೇ ಕಾರಣ. ಹೊಸಬರಿಗೆ ಅದು ಮುಗಿದ ಮಾತೆಂದು ಗೊತ್ತಿಲ್ಲ, ಹಳಬರಿಗೆ ತೋರಿಸಲು ದಾಖಲೆಯಿಲ್ಲ.

ಹಾಗೆಂದು ಕನ್ನಡದಲ್ಲಿ ಒಳ್ಳೆಯ ಮಾದರಿ ಇಲ್ಲವೆಂದಲ್ಲ. ಕನ್ನಡ ವಿಕಿಪೀಡಿಯದ ಸಮುದಾಯ ಚರ್ಚೆಯ ಪುಟ ‘ಅರಳಿಕಟ್ಟೆ’ಯನ್ನು ನಾನು ಇಡೀ ಕನ್ನಡ ತಾಂತ್ರಿಕ ಲೋಕದ ಅತ್ಯುತ್ತಮ ಜಾಗವೆಂದು ಎಣಿಸುತ್ತೇನೆ. ಖಾತೆ ತೆರೆಯದೆಯೂ ಅದನ್ನು ಓದಬಹುದು. ಬರೆದವರು ಮಾತಿನ ಕೊನೆಗೆ ಸಹಿ ಹಾಕುತ್ತಾರೆ, ದಿನಾಂಕ ಸಮಯ ತಾವಾಗಿ ಬೀಳುತ್ತವೆ. ಮುಗಿದ ಚರ್ಚೆಗಳನ್ನು ಪುಟದಿಂದ ತೆಗೆದರೂ ಸಂಗ್ರಹಕ್ಕೆ ಸರಿಸುತ್ತಾರೆ, ಎಸೆಯುವುದಿಲ್ಲ. ಯಾರು ಯಾವಾಗ ಯಾವ ಪದ ಬದಲಿಸಿದರು ಎಂಬುದು ಪುಟದ ಇತಿಹಾಸದಲ್ಲಿ ಇರುತ್ತದೆ. ಮಾತೆಲ್ಲ ಕನ್ನಡದಲ್ಲಿ, ಯೂನಿಕೋಡ್‌ನಲ್ಲಿ.

ಈ ಜಾಗಕ್ಕೆ ನಿಜವಾದ ಅಧಿಕಾರವೂ ಇದೆ. ವಿಕಿಪೀಡಿಯದ ಏರ್ಪಾಡಿನಲ್ಲಿ ಏನಾದರೂ ಬದಲಾಗಬೇಕಿದ್ದರೆ ಫ್ಯಾಬ್ರಿಕೇಟರ್ ಎಂಬ ಟ್ರ್ಯಾಕರ್‌ನಲ್ಲಿ ಬೇಡಿಕೆ ಸಲ್ಲಿಸಬೇಕು. 2014ರಿಂದ ಬಳಕೆಯಲ್ಲಿರುವ ಅದರ ಮಾತು ಇಂಗ್ಲಿಷಿನಲ್ಲಿ. ಆದರೆ ಅಲ್ಲಿನ ಎಂಜಿನಿಯರ್‌ಗಳು ಮೊದಲು ಕೇಳುವುದು, ನಿಮ್ಮ ಸಮುದಾಯ ಇದಕ್ಕೆ ಒಪ್ಪಿದೆಯೇ, ಒಪ್ಪಿದ ಚರ್ಚೆಯ ಕೊಂಡಿ ಎಲ್ಲಿ ಎಂದು. ಕನ್ನಡದ ಚರ್ಚೆ ಅಲ್ಲಿ ಪುರಾವೆಯಾಗುತ್ತದೆ. ಬಾದಾಮಿಯಲ್ಲಿ ಕೂತು ಮಹಾಕೂಟದ ಲೇಖನ ತಿದ್ದುವ ಒಬ್ಬರು ಬರೆದ ಒಪ್ಪಿಗೆ ಅಥವಾ ವಿರೋಧದ ಸಾಲನ್ನು ದೂರದೇಶದ ಎಂಜಿನಿಯರ್ ಅನುವಾದ ಮಾಡಿಸಿಯಾದರೂ ಓದಲೇಬೇಕಾದ ಏರ್ಪಾಡು ಅದು. ತುಳು ವಿಕಿಪೀಡಿಯವೂ ಹೊಸ ವಿಕಿಗಳನ್ನು ಬೆಳೆಸುವ ಇನ್‌ಕ್ಯುಬೇಟರ್ ತಾಣದಲ್ಲಿ ವರ್ಷಗಟ್ಟಲೆ ಎಲ್ಲರ ಕಣ್ಣೆದುರು ಬೆಳೆದು 2016ರಲ್ಲಿ ಸ್ವಂತ ವಿಳಾಸ ಪಡೆಯಿತು. ಆ ವಿಕಿಗಳ ಗುಂಡಿ, ಸೂಚನೆಗಳ ಅನುವಾದ ನಡೆಯುವ ಟ್ರಾನ್ಸ್‌ಲೇಟ್‌ವಿಕಿಯಲ್ಲಿ ಒಂದೊಂದು ವಾಕ್ಯಕ್ಕೂ ವಿವರಣೆಯ ಪುಟ ಇದೆ, ಚರ್ಚೆಯ ಪುಟ ಇದೆ. ಕಡತವೋ ಫೈಲೋ ಎಂಬ ಜಗಳಕ್ಕೆ ಅಂಥ ಪುಟವೇ ಸರಿಯಾದ ಮನೆ.

ಮುಖಾಮುಖಿ ಭೇಟಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವು ಬೇಕು; ವರ್ಷಗಟ್ಟಲೆ ಬರಹದಲ್ಲಿ ಕಚ್ಚಾಡಿದವರು ಒಂದು ಮಧ್ಯಾಹ್ನ ಜೊತೆಗೆ ಉಂಡರೆ ಹಗುರಾಗುತ್ತಾರೆ. 2020ರಲ್ಲಿ ಶುರುವಾದ ಫಾಸ್ ಯುನೈಟೆಡ್ ಊರೂರಿನ ಭೇಟಿಗಳನ್ನೂ ಇಂಡಿಯಾಫಾಸ್ ಸಮಾವೇಶವನ್ನೂ ನಡೆಸುತ್ತಾ ಬಂದಿದೆ. ಆದರೆ ಸಮಾವೇಶ ಬೆಂಗಳೂರಿನಲ್ಲಾದರೆ ಬಾಗಲಕೋಟೆಯ ವಿದ್ಯಾರ್ಥಿಗೆ ಅದು ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನ ಒಂದು ರಾತ್ರಿ, ಟಿಕೆಟ್ಟು, ಉಳಿಯುವ ಖರ್ಚು, ತಪ್ಪಿದ ತರಗತಿ. ಅಲ್ಲಿ ಆಡಿದ್ದನ್ನು ಅದೇ ವಾರ ಬರೆದು ಬಹಿರಂಗ ಜಾಗದಲ್ಲಿ ಹಾಕುವುದು ಸಂಘಟಕರ ಹೊಣೆ. ಫೋಟೋ ಹಾಕುವಷ್ಟೇ ಶ್ರದ್ಧೆಯಿಂದ ನಡಾವಳಿಯನ್ನೂ ಹಾಕಬೇಕು.

ಭಾಷೆಯ ಪ್ರಶ್ನೆ ಉಳಿಯಿತು. ಹಾರ್ಫ್‌ಬಜ್‌ನಂಥ ಜಗತ್ತಿನ ಯೋಜನೆಗಳಲ್ಲಿ ಮಾತು ಇಂಗ್ಲಿಷಿನಲ್ಲೇ ನಡೆಯುತ್ತದೆ, ಅದನ್ನು ಬದಲಿಸಲು ಆಗದು. ಕನ್ನಡಕ್ಕೇ ಸೇರಿದ ಯೋಜನೆಗಳ ಮಾತೇ ಬೇರೆ. ವಿ. ಕೃಷ್ಣ ಅವರು ದಶಕಗಟ್ಟಲೆ ದುಡಿದು ಕಟ್ಟಿದ ‘ಅಲರ್’ ನಿಘಂಟು 2019ರಲ್ಲಿ ಮುಕ್ತ ಪರವಾನಗಿಯಡಿ ಹೊರಬಂತು. ‘ಸಂಚಯ’ದ ಬಳಗ ವಚನಗಳನ್ನು ಹುಡುಕಿ ಓದುವ ತಾಣ ಕಟ್ಟಿತು. ಇಂಥವುಗಳ ತಿದ್ದುಪಡಿ ಸೂಚಿಸಬಲ್ಲವರು ಮುಖ್ಯವಾಗಿ ಕೂಡಲಸಂಗಮದ ಸುತ್ತಲಿನ ಹಳ್ಳಿಯ ಮೇಷ್ಟ್ರುಗಳು, ವಚನ ಬಾಯಿಪಾಠ ಇರುವ ಹಿರಿಯರು, ಇಳಕಲ್ಲ ಸೀರೆಯ ದಡಿಗೂ ಸೆರಗಿಗೂ ಹೆಸರು ಬಲ್ಲ ನೇಕಾರರು. ಅವರಿಗೆ ಗಿಟ್‌ಹಬ್‌ನಲ್ಲಿ ಇಶ್ಯೂ ತೆರೆಯಿರಿ ಎಂದರೆ ನಾವು ಬಾಗಿಲು ಹಾಕಿದಂತೆಯೇ. ಅವರು ಹೇಳುವುದನ್ನು ಯೋಜನೆಯವರು ಫೋನಿನಲ್ಲೋ ಗುಂಪಿನಲ್ಲೋ ಕೇಳಿಸಿಕೊಳ್ಳಲಿ; ಕೇಳಿಸಿಕೊಂಡವರು, ಹೇಳಿದವರ ಒಪ್ಪಿಗೆ ಪಡೆದು, ಅವರ ಹೆಸರಿನೊಂದಿಗೆ ಕನ್ನಡದಲ್ಲೇ ಟ್ರ್ಯಾಕರ್‌ಗೆ ಏರಿಸಲಿ. ಟ್ರ್ಯಾಕರ್ ಕನ್ನಡ ಅಕ್ಷರವನ್ನು ತಡೆಯುವುದಿಲ್ಲ, ತಡೆಯುತ್ತಿರುವುದು ನಮ್ಮ ರೂಢಿ.

ಮಾಡಬೇಕಾದದ್ದು ದೊಡ್ಡದೇನಲ್ಲ. ಪ್ರತಿ ಕನ್ನಡ ಯೋಜನೆಯ ರೀಡ್‌ಮಿ ಕಡತದ ಮೊದಲಲ್ಲೇ, ಚರ್ಚೆ ಎಲ್ಲಿ ನಡೆಯುತ್ತದೆ, ತೀರ್ಮಾನ ಎಲ್ಲಿ ಬರೆಯುತ್ತೇವೆ, ಕನ್ನಡದಲ್ಲಿ ಬರೆದರೆ ಉತ್ತರ ಎಷ್ಟು ದಿನದಲ್ಲಿ ಬರುತ್ತದೆ ಎಂದು ನಾಲ್ಕು ಸಾಲು ಇರಲಿ. ಗುಂಪಿನಲ್ಲಿ ಒಂದು ಮಾತು ಇತ್ಯರ್ಥವಾದರೆ ಅದನ್ನು ಬಹಿರಂಗ ಪುಟಕ್ಕೆ ಎತ್ತಿ ಬರೆಯುವ ಕೆಲಸ ತಿಂಗಳಿಗೊಬ್ಬರಂತೆ ಸರದಿಯಲ್ಲಿ ನಡೆಯಲಿ. ಹಳೆಯ ಗೂಗಲ್ ಗುಂಪುಗಳ ಪತ್ರಗಳು ಇನ್ನೂ ಓದಲು ಸಿಗುತ್ತಿವೆ. ನಡೆಸುತ್ತಿರುವವರು ಅವನ್ನು ಇಳಿಸಿಕೊಂಡು, ಬರೆದವರನ್ನು ಕೇಳಿ, ಇಂಟರ್ನೆಟ್ ಆರ್ಕೈವ್‌ನಂಥ ಕಡೆ ಇಡುವ ಕೆಲಸವನ್ನು ಈ ವರ್ಷವೇ ಶುರು ಮಾಡಬೇಕು.